ವಿ.ಸಿ. ನಾಲೆಯ ಅಚ್ಚುಕಟ್ಟು ಮತ್ತು ಮಂಡ್ಯದ ಸಂಜೆ ಮಳೆ: ನನ್ನ ಅನುಭವ

ಮಂಡ್ಯ ಜಿಲ್ಲೆಯಲ್ಲಿ ಅಲ್ಲೊಂದು ಇಲ್ಲೊಂದು ಬೀಳುವ ಸಂಜೆಯ ಗುಡುಗುಮಳೆಯನ್ನು ಹೋಬಳಿ ಮಟ್ಟದಲ್ಲಿ ಬೆಳಿಗ್ಗೆಯೇ ಹೇಳಬೇಕಾದರೆ ಸೂಪರ್ ಕಂಪ್ಯೂಟರ್ ಇರಬೇಕು, ನೆಲವನ್ನು ಒಂದು ಕಿ.ಮೀ. ಚೌಕಗಳಾಗಿ ವಿಂಗಡಿಸುವ ಜಾಲ ಇರಬೇಕು, ರೇಡಾರ್ ಮಾಹಿತಿಯನ್ನು ಆಗಾಗ ಸೇರಿಸುತ್ತಿರಬೇಕು ಎಂದು ನಮ್ಮ ಕ್ಷೇತ್ರದ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಮೈಸೂರಿನ ನನ್ನ ಮನೆಯ ಮಹಡಿ ಕೋಣೆಯಲ್ಲಿರುವ ಒಂದೇ ಯಂತ್ರದಲ್ಲಿ, ಮೂರು ಕಿ.ಮೀ. ಜಾಲದಲ್ಲಿಯೇ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಮಣ್ಣಿನ ತೇವವನ್ನು ಸರಿಪಡಿಸಿದ ಮೇಲೆ ಆ ಕೆಲಸ ಬಹುಮಟ್ಟಿಗೆ ಕೈಗೂಡಿದೆ. ಹವಾಮಾನ ಮುನ್ಸೂಚನೆಯ ಡಬ್ಲ್ಯುಆರ್‌ಎಫ್ ಎಂಬ ಗಣಕ ಮಾದರಿಯನ್ನು ಓಡಿಸಿ ಅಭ್ಯಾಸವಿರುವವರಿಗಾಗಿ ಇದನ್ನು ಬರೆಯುತ್ತಿರುವುದರಿಂದ ಮೂಲಪಾಠಗಳನ್ನು ಬಿಟ್ಟಿದ್ದೇನೆ.

ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದಿದ ನಂತರ ನನ್ನ ಸಂಶೋಧನೆಯ ಮೊದಲ ಹತ್ತು ವರ್ಷಗಳು ಹವಾಮಾನ ಬದಲಾವಣೆಯ ಪ್ರಾದೇಶಿಕ ಮಾದರಿಗಳಲ್ಲಿ ಕಳೆದವು. ಪ್ರಾದೇಶಿಕ ಹವಾಮಾನ ಮಾದರಿಗಳ ಅಂತರರಾಷ್ಟ್ರೀಯ ಯೋಜನೆ ಕಾರ್ಡೆಕ್ಸ್‌ನ ದಕ್ಷಿಣ ಏಷ್ಯಾ ಜಾಲ ಆಗ 50 ಕಿ.ಮೀ. ಇತ್ತು, ಸುಮಾರು 5,000 ಚದರ ಕಿ.ಮೀ. ವಿಸ್ತೀರ್ಣದ ಇಡೀ ಮಂಡ್ಯ ಜಿಲ್ಲೆ ಅದರಲ್ಲಿ ಎರಡು ಚೌಕಗಳಿಗೆ ಮುಗಿದುಹೋಗುತ್ತಿತ್ತು. ಭಾಗಮಂಡಲದ ಮುಂಗಾರನ್ನು ಅಂಥ ಮಾದರಿಗಳು ಒಂದು ಮಟ್ಟಿಗೆ ತೋರಿಸುತ್ತವೆ. ಘಟ್ಟದ ಮಳೆ ನೆರಳಿನಲ್ಲಿರುವ ನಮ್ಮ ಕಡೆಗೆ ಮಳೆ ಬರುವುದು ಮುಖ್ಯವಾಗಿ ಮೇ ತಿಂಗಳಿನಲ್ಲಿ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅದೂ ಹೆಚ್ಚಾಗಿ ಸಂಜೆ ನಾಲ್ಕರಿಂದ ಎಂಟರ ಒಳಗೆ. ಈ ಮಳೆಯ ಬಗ್ಗೆ 50 ಕಿ.ಮೀ. ಮಾದರಿ ಹೇಳುವ ಮಾತಿಗೆ ರೈತರ ಮುಂದೆ ಬೆಲೆಯಿಲ್ಲ ಎಂದು ನನಗೆ ಮನವರಿಕೆಯಾದ ಮೇಲೆ ಆ ದಾರಿಯನ್ನು ಬಿಟ್ಟು ದಿನದ ಮುನ್ಸೂಚನೆಯ ಕಡೆಗೆ ತಿರುಗಿದೆ. ಬಡ್ತಿಯ ಹೊತ್ತಿನಲ್ಲಿ ವಿಷಯ ಬದಲಾಯಿಸಬೇಡಿ ಎಂದು ಹಲವರು ಬುದ್ಧಿ ಹೇಳಿದರು.

ಹಣದ ವಿಚಾರವನ್ನು ಮುಚ್ಚಿಡುವುದಿಲ್ಲ. ಸಂಶೋಧನಾ ನಿಧಿಗೆ ಕಳುಹಿಸಿದ ಪ್ರಸ್ತಾವನೆಗಳು "ಒಂದು ನಾಲೆಯ ಅಚ್ಚುಕಟ್ಟು ಮಳೆಯನ್ನು ಬದಲಿಸೀತೇ?" ಎಂಬ ಷರಾದೊಂದಿಗೆ ಹಿಂದಿರುಗಿದವು. ಕೊನೆಗೆ 2019ರಲ್ಲಿ ಸ್ವಂತ ಉಳಿತಾಯದಿಂದ 32 ಕೋರ್‌ಗಳ ಯಂತ್ರವೊಂದನ್ನು ಜೋಡಿಸಿಕೊಂಡೆ. ಎಲ್ಲ ಸೇರಿ ಮೂರೂಕಾಲು ಲಕ್ಷದ ಆಸುಪಾಸು ಆಯಿತು. ಬೇಸಿಗೆಯಲ್ಲಿ ವಿದ್ಯುತ್ ಕೈಕೊಟ್ಟು ಓಟ ಅರ್ಧಕ್ಕೆ ನಿಲ್ಲುತ್ತಿದ್ದುದರಿಂದ ಯುಪಿಎಸ್ ಬ್ಯಾಟರಿಗಳಿಗೆ ಮತ್ತೆ ನಲವತ್ತು ಸಾವಿರದಷ್ಟು ಹೋಯಿತು. ನಡುವೆ ಒಂದು ಹಂಗಾಮು ಕ್ಲೌಡ್ ಬಾಡಿಗೆಗೆ ಹೋಗಿ ನೋಡಿದೆ, ಓಟವೊಂದಕ್ಕೆ ಏಳೆಂಟು ನೂರು ರೂಪಾಯಿ ಬೀಳುತ್ತಿತ್ತು. ಪ್ರತಿದಿನ ಓಡಿಸುವವರಿಗೆ ಸ್ವಂತ ಯಂತ್ರವೇ ಅಗ್ಗ.

ಆರಂಭದ ವರ್ಷಗಳಲ್ಲಿ ಫಲ ಸಿಗಲಿಲ್ಲ. ಒಳಜಾಲದ ಪಶ್ಚಿಮ ಅಂಚು ಕೊಡಗಿನ ಕಡಿದಾದ ಘಟ್ಟದ ಮೇಲೆ ಬಿದ್ದಿದ್ದರಿಂದ ಮಾದರಿ ಪದೇ ಪದೇ ಮುರಿದು ಬೀಳುತ್ತಿತ್ತು. ಲೆಕ್ಕದ ಕಾಲಹಂತವನ್ನು (ಮಾದರಿ ಒಂದೊಂದು ಸಲ ಮುಂದಕ್ಕೆ ಹೋಗುವ ಅವಧಿ) 18 ಸೆಕೆಂಡಿನಿಂದ ಇಳಿಸಿದರೆ ಸಮಯ ವ್ಯರ್ಥ. ಅಂಚನ್ನು ಅರಬ್ಬಿ ಸಮುದ್ರದವರೆಗೆ ಎಳೆದು, ಲಂಬ ಶಬ್ದತರಂಗಗಳನ್ನು ತಗ್ಗಿಸುವ ಇಪಿಎಸ್‌ಎಸ್‌ಎಂ ಮೌಲ್ಯವನ್ನು 0.1ರಿಂದ 0.5ಕ್ಕೆ ಏರಿಸಿದ ಮೇಲೆ ಆ ತೊಂದರೆ ತಪ್ಪಿತು. ಒಂದು ಕಿ.ಮೀ. ಜಾಲವನ್ನೂ ಪ್ರಯತ್ನಿಸಿದೆ. ಮೋಡಗಳ ಚಿತ್ರ ಬಹಳ ಸೊಗಸಾಗಿ ಬಂತು, ಆದರೆ ಓಟ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು, ಮಳೆಯಂತೂ ತಪ್ಪು ತಾಲ್ಲೂಕಿನಲ್ಲಿಯೇ ಬೀಳುತ್ತಿತ್ತು. ಥಾಂಪ್ಸನ್, ಮಾರಿಸನ್, ಡಬ್ಲ್ಯುಎಸ್‌ಎಂ6 ಎಂದು ಮೋಡದೊಳಗಿನ ಹನಿ-ಹಿಮದ ಲೆಕ್ಕದ ವಿಧಾನವನ್ನು (ಮೈಕ್ರೋಫಿಸಿಕ್ಸ್) ಬದಲಾಯಿಸಿದ್ದರಿಂದ ಮಳೆಯ ಪ್ರಮಾಣ ಏರುಪೇರಾಯಿತೇ ಹೊರತು ಜಾಗ ಕದಲಲಿಲ್ಲ.

ಜಾಗ ಕದಲದಿರುವುದೇ ನನಗೆ ಸುಳಿವು ಕೊಟ್ಟಿತು. ಮಾದರಿಯ ನೆಲದ ನಕ್ಷೆಯನ್ನು ಚೌಕ ಚೌಕವಾಗಿ ತೆರೆದು ನೋಡಿದಾಗ ಪಾಂಡವಪುರ, ಮಂಡ್ಯ, ಮದ್ದೂರುಗಳ ತರಿ ಜಮೀನು ಮತ್ತು ನಾಗಮಂಗಲದ ಖುಷ್ಕಿ ಎರಡೂ ಮೋಡಿಸ್ ಎಂಬ ಉಪಗ್ರಹ ಉಪಕರಣದ ನೆಲಬಳಕೆ ವರ್ಗೀಕರಣದಲ್ಲಿ ಒಂದೇ 12ನೇ ಸಂಖ್ಯೆಯ ಬೇಸಾಯದ ನೆಲವಾಗಿ ಕುಳಿತಿದ್ದವು. ಅಮೆರಿಕದ ಭೂವಿಜ್ಞಾನ ಸಂಸ್ಥೆಯ (ಯುಎಸ್‌ಜಿಎಸ್) ಹಳೆಯ ವರ್ಗೀಕರಣದಲ್ಲಿ ನೀರಾವರಿ ನೆಲಕ್ಕೆ ಬೇರೆ ವರ್ಗವಿದೆ, ಆದರೆ ನಮ್ಮ ನಾಲೆಯ ಗೆರೆಗೂ ಅದಕ್ಕೂ ತಾಳೆಯಾಗಲಿಲ್ಲ. ಆರಂಭದ ಮಾಹಿತಿ ಕೊಡುವ ಅಮೆರಿಕದ ಜಾಗತಿಕ ಮಾದರಿ ಜಿಎಫ್‌ಎಸ್‌ನಿಂದ ಬಂದ ಮೇಲ್ಪದರದ, ಅಂದರೆ ಮೊದಲ 10 ಸೆಂ.ಮೀ. ಮಣ್ಣಿನ ತೇವ, ಮೇ ತಿಂಗಳಿನಲ್ಲಿ ಇಡೀ ಜಿಲ್ಲೆಗೆ 0.15ರ (ಮಣ್ಣಿನ ಗಾತ್ರದಲ್ಲಿ ನೀರಿನ ಪಾಲು) ಆಸುಪಾಸಿನಲ್ಲಿತ್ತು. ನೀರು ನಿಂತ ಭತ್ತದ ಗದ್ದೆಯಲ್ಲಿ ಅದು 0.40 ದಾಟುತ್ತದೆ. ಒದ್ದೆ ನೆಲದ ಮೇಲಿನ ತಂಪು ಗಾಳಿ ಒಣ ನೆಲದ ಬಿಸಿಯ ಕಡೆಗೆ ಹರಿದು, ಅಚ್ಚುಕಟ್ಟಿನ ಅಂಚಿನಲ್ಲಿ ಗಾಳಿ ಮೇಲೇಳುತ್ತದೆ. ಗಾಳಿ ದುರ್ಬಲವಾಗಿರುವ ದಿನಗಳಲ್ಲಿ ನಮ್ಮ ಸಂಜೆ ಮೋಡಗಳು ಹುಟ್ಟುವುದು ಆ ಅಂಚಿನ ಖುಷ್ಕಿಯ ಬದಿಯಲ್ಲಿ. ಮಾದರಿಯಲ್ಲಿ ಅಂಚೇ ಇರಲಿಲ್ಲ.

ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಂದ ಅಚ್ಚುಕಟ್ಟಿನ ಗಡಿಯನ್ನು ಗುರುತಿಸಿ, ಎಚ್‌ಆರ್‌ಎಲ್‌ಡಿಎಎಸ್ ಎಂಬ ನೆಲದ ಲೆಕ್ಕದ ತಂತ್ರಾಂಶದಲ್ಲಿ ಮಣ್ಣನ್ನು ಪ್ರತ್ಯೇಕವಾಗಿ ಓಡಿಸಿ ಹದಕ್ಕೆ ತಂದು, ಆ ತೇವವನ್ನು ಮಾದರಿಯ ನೆಲದ ಭಾಗವಾದ ನೋವಾ-ಎಂಪಿಗೆ ಆರಂಭಸ್ಥಿತಿಯಾಗಿ ಕೊಟ್ಟೆ. ಎಸ್‌ಎಂಎಪಿ ಉಪಗ್ರಹದ ತೇವದ ಮಾಹಿತಿಯನ್ನೂ ಬಳಸಿ ನೋಡಿದೆ; ಎತ್ತರದ ಕಬ್ಬಿನ ಬೆಳೆಯಿರುವಲ್ಲಿ ಅದು ನಂಬಿಕೆಗೆ ಅರ್ಹವೆನಿಸಲಿಲ್ಲ. ಎಷ್ಟು ತೇವ, ಎಷ್ಟು ಆಳಕ್ಕೆ, ನೀರು ನಿಲ್ಲಿಸಿದ ಮೇಲೆ ಯಾವ ವೇಗದಲ್ಲಿ ಇಳಿಯಬೇಕು ಎಂಬ ನನ್ನ ಕೋಷ್ಟಕವನ್ನು ಇಲ್ಲಿ ಕೊಡುವುದಿಲ್ಲ. ಅದು ವರ್ಷಗಟ್ಟಲೆ ಗದ್ದೆಗಳ ಬದುಗಳ ಮೇಲೆ ತೇವಮಾಪಕ ಹಿಡಿದು ಓಡಾಡಿ ಕಟ್ಟಿದ್ದು.

ಈ ವಿಧಾನಕ್ಕೆ ಕಠಿಣ ಪರೀಕ್ಷೆಯಾದದ್ದು 2023. ಮುಂಗಾರು ಕೈಕೊಟ್ಟು, 124.80 ಅಡಿಯ ಕೆ.ಆರ್.ಎಸ್. ತುಂಬದೆ, ಅಚ್ಚುಕಟ್ಟಿನ ಬಹಳಷ್ಟು ಜಮೀನು ಒಣಗಿದ್ದಾಗ ಸ್ಥಿರವಾದ ತೇವದ ನಕ್ಷೆ ಮಾದರಿಯನ್ನು ದಾರಿ ತಪ್ಪಿಸಿತು. ಇಲ್ಲದ ಮಳೆಯನ್ನು ವಾರಗಟ್ಟಲೆ ತೋರಿಸಿತು. ಅನುಮಾನಿಸಿದ್ದವರು ಇದನ್ನೇ ಎತ್ತಿ ಆಡಿದರು. ನಾಲೆಗೆ ನೀರು ಬಿಡುವುದು ಕಟ್ಟು ಪದ್ಧತಿಯಲ್ಲಿ, ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸಿ. ಆದ್ದರಿಂದ 2024ರಿಂದ ಕಟ್ಟಿನ ವೇಳಾಪಟ್ಟಿಯನ್ನೇ ಓಟದೊಳಗೆ ತಂದೆ. ನಾಲೆಯ ಮೇಲ್ಭಾಗಕ್ಕೂ ಮಳವಳ್ಳಿ ಕಡೆಯ ಕೊನೆ ಭಾಗಕ್ಕೂ ನೀರು ತಲುಪುವ ದಿನಗಳಲ್ಲಿರುವ ವ್ಯತ್ಯಾಸವನ್ನೂ ಸೇರಿಸಿದ ಮೇಲೆ ಸುಳ್ಳು ಮಳೆ ಗಣನೀಯವಾಗಿ ಇಳಿಯಿತು.

ಇದರ ಜೊತೆಯಲ್ಲಿ ಜಲಾಶಯದ ಮೇಲೂ ಒಂದು ಪ್ರಯೋಗ ಮಾಡಿದೆ. ಒಳನಾಡಿನ ಕೆರೆ, ಜಲಾಶಯಗಳಿಗೆ ಮಾದರಿಯ ಪೂರ್ವಸಿದ್ಧತಾ ಹಂತವು ಹತ್ತಿರದ ಸಮುದ್ರದ ಉಷ್ಣಾಂಶವನ್ನೇ ತುಂಬಿಬಿಡುವುದುಂಟು. ಸುಮಾರು 130 ಚದರ ಕಿ.ಮೀ. ಹರವಿನ ಕೆ.ಆರ್.ಎಸ್. ಹಿನ್ನೀರು ನನ್ನ ಜಾಲದಲ್ಲಿ ಹದಿನಾಲ್ಕು ಚೌಕಗಳಷ್ಟಿದ್ದು, ರಾತ್ರಿಯೂ ಅರಬ್ಬಿ ಸಮುದ್ರದಂತೆ ಬೆಚ್ಚಗಿರುತ್ತಿತ್ತು. ಅದರ ಬದಲು ಟಿಎವಿಜಿಎಸ್‌ಎಫ್‌ಸಿ ಎಂಬ, ನೆಲಮಟ್ಟದ ಗಾಳಿಯ ದಿನದ ಸರಾಸರಿ ಉಷ್ಣಾಂಶ ಕೊಟ್ಟರೆ ಅದು ಸರಿಹೋಗುತ್ತದೆ. ಮಂಡ್ಯದ ಮಳೆಗೆ ಇದರಿಂದ ಹೆಚ್ಚು ಲಾಭವಾಗಲಿಲ್ಲ, ಆದರೆ ಶ್ರೀರಂಗಪಟ್ಟಣದ ಬೆಳಗಿನ ಮಂಜು ಚೆನ್ನಾಗಿ ಬರಲಾರಂಭಿಸಿತು. ಚಳಿಗಾಲದಲ್ಲಿ ಅದನ್ನು ಮುಂದುವರಿಸುವ ಮನಸ್ಸಿದೆ.

ಈಗಿನ ದಿನಚರಿ ಹೀಗಿದೆ: ರಾತ್ರಿ 11:30ರ ಜಿಎಫ್‌ಎಸ್ ಮಾಹಿತಿ ಬೆಳಗಿನ ಜಾವ ಇಳಿಯುತ್ತದೆ, ಓಟ ಎರಡು ಗಂಟೆಯಲ್ಲಿ ಮುಗಿಯುತ್ತದೆ, ಏಳೂವರೆಯೊಳಗೆ ನಕ್ಷೆ ಸಿದ್ಧ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಇಟ್ಟಿರುವ ಮಳೆಮಾಪಕಗಳೊಂದಿಗೆ ತಾಳೆ ನೋಡಿದರೆ, ಹಿಂದೆ ಹತ್ತು ಮಳೆಯ ಸಂಜೆಗಳಲ್ಲಿ ಮೂರ್ನಾಲ್ಕು ಸರಿಯಾದ ಹೋಬಳಿಯಲ್ಲಿ ಸಿಗುತ್ತಿದ್ದವು, ಈಗ ಆರೇಳು ಸಿಗುತ್ತಿವೆ. ಇದೇ ಪ್ರದೇಶಕ್ಕೆ ಇದಕ್ಕಿಂತ ಉತ್ತಮ ಸಾಧನೆಯನ್ನು ಮನೆಯ ಯಂತ್ರದಿಂದ ಮಾಡಿದವರನ್ನು ನಾನು ಕಂಡಿಲ್ಲ. ಪಾಂಡವಪುರದ ಕಡೆಯ ಆಲೆಮನೆಯವರೊಬ್ಬರು ಎಂಟು ಗಂಟೆಗೆ ತಪ್ಪದೆ ಫೋನ್ ಮಾಡುತ್ತಾರೆ. "ಸಾ, ಇವತ್ತು ಸಿಪ್ಪೆ ಹರ್ಡ್ಬೋದಾ?" ಕಬ್ಬಿನ ಸಿಪ್ಪೆ ನೆನೆದರೆ ಒಲೆ ಉರಿಯದು, ಆ ದಿನದ ಬೆಲ್ಲ ನಿಂತಂತೆ. ಹಿಂದೆ ನನ್ನ ಲೇಖನವನ್ನು ತಿರಸ್ಕರಿಸಿದ್ದ ವಿಮರ್ಶಕರ ಒಪ್ಪಿಗೆಗಿಂತ ಈ ಫೋನ್ ಕರೆಯೇ ನನಗೆ ದೊಡ್ಡದು.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಬರುವ ಅಕ್ಟೋಬರ್‌ನ ದೊಡ್ಡ ಮಳೆಗೆ ಈ ವಿಧಾನ ಏನನ್ನೂ ಸೇರಿಸುವುದಿಲ್ಲ. ಆಗ ತೇವ ಸಮುದ್ರದಿಂದಲೇ ಬರುತ್ತದೆ, ನಾಲೆಯ ಅಂಚು ಲೆಕ್ಕಕ್ಕೆ ಬರುವುದಿಲ್ಲ. ದಾವಣಗೆರೆಯ ಭದ್ರಾ ಅಚ್ಚುಕಟ್ಟಿನಲ್ಲಿ, ಗಂಗಾವತಿ–ಸಿಂಧನೂರಿನ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದನ್ನು ಯಾರಾದರೂ ಪ್ರಯತ್ನಿಸಿದರೆ ಗಡಿ ಗುರುತಿಸುವ ಮತ್ತು ಕಟ್ಟಿನ ವೇಳಾಪಟ್ಟಿಯನ್ನು ಓದುವ ಸ್ಕ್ರಿಪ್ಟ್‌ಗಳನ್ನು ಸಂತೋಷದಿಂದ ಕೊಡುತ್ತೇನೆ. ತೇವದ ಕೋಷ್ಟಕವನ್ನು ಮಾತ್ರ ಅವರವರ ಮಣ್ಣಿಗೆ ಅವರೇ ಕಟ್ಟಿಕೊಳ್ಳಬೇಕು, ಅಲ್ಲಿನ ಎರೆ ಭೂಮಿ ನಮ್ಮ ಕೆಂಪು ಮಣ್ಣಿನಂತೆ ನೀರು ಬಿಟ್ಟುಕೊಡುವುದಿಲ್ಲ.