ಡಾಕ್ಟರ ಕೈಗೆ ಕೀಬೋರ್ಡ್ ಕೊಡದೆ ನಡೆಸಿದ ದಾಖಲೆ: ನನ್ನ ಅನುಭವ

ಡಾಕ್ಟರು ಒಂದಕ್ಷರ ಟೈಪ್ ಮಾಡದೆಯೂ ಎಲೆಕ್ಟ್ರಾನಿಕ್ ದಾಖಲೆ ನಡೆಯುತ್ತದೆ ಎಂದು ನಾನು ಹೇಳಿದಾಗ ಈ ಕೆಲಸದಲ್ಲಿ ಪಳಗಿದವರೇ ತಲೆಯಾಡಿಸಿದರು. ‘ಅದು ಗುಮಾಸ್ತಿಕೆ ಆಗುತ್ತದೆ, ದಾಖಲೆ ಆಗುವುದಿಲ್ಲ’ ಅಂದರು. ಈಗ ನಮ್ಮ ಕ್ಲಿನಿಕ್‌ನಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಆಸ್ತಮಾ ಇರುವ ಹತ್ತಿರಹತ್ತಿರ 4,000 ಜನರ ದಾಖಲೆ ಹೀಗೇ ನಡೆಯುತ್ತಿದೆ. ಮೂರು ವರ್ಷ ದಾಟಿತು, ಒಂದು ದಿನವೂ ನಿಂತಿಲ್ಲ. ನಂಬದಿದ್ದವರಲ್ಲಿ ಇಬ್ಬರು ಬಂದು ನೋಡಿಕೊಂಡು ಹೋಗಿದ್ದಾರೆ.

ದುಡ್ಡು ಎಲ್ಲಿ ಹೋಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮೊದಲ ವರ್ಷದ ಹಣದಲ್ಲಿ ಸುಮಾರು ಮೂರನೇ ಒಂದು ಭಾಗ ಹಳೆಯ ಫೈಲ್‌ಗಳನ್ನು ಸ್ಕ್ಯಾನ್ ಮಾಡಿಸಲು ಖರ್ಚಾಯಿತು. ಹುಡುಕಲು ಬಾರದ ಚಿತ್ರಗಳ ರಾಶಿ ಬಿದ್ದಿತು. ರೋಗಿ ಎದುರಿಗೆ ಕೂತಿರುವಾಗ ನಲವತ್ತು ಪುಟದ ಪಿಡಿಎಫ್ ತೆರೆದು ಓದುವಷ್ಟು ವ್ಯವಧಾನ ಯಾರಿಗಿದೆ? ಇನ್ನೊಂದು ದೊಡ್ಡ ಪಾಲನ್ನು ನುಂಗಿದ್ದು ಪರವಾನಗಿಯ ತಂತ್ರಾಂಶ. ಬಳಸುವ ಒಬ್ಬೊಬ್ಬರಿಗೂ ಬೇರೆ ಶುಲ್ಕವಾದ್ದರಿಂದ ಎಲ್ಲರೂ ಒಂದೇ ಲಾಗಿನ್‌ನಲ್ಲಿ ಕೆಲಸ ಮಾಡುತ್ತಿದ್ದರು, ಯಾರು ಏನು ಬದಲಿಸಿದರು ಎಂಬ ಲಾಗ್‌ಗೆ ಅರ್ಥವೇ ಉಳಿಯಲಿಲ್ಲ. ಬಿಟ್ಟು ಹೊರಡುವಾಗ ನಮ್ಮದೇ ಡಾಟಾ ಹೊರತೆಗೆದು ಕೊಡಲು ಆ ಕಂಪನಿ ಮತ್ತೆ ಹಣ ಕೇಳಿತು. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಪೂರ್ತಿ ಡಾಟಾ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೈಗೆ ಬರುತ್ತದೆ ಎಂದು ಬರೆಸಿಕೊಳ್ಳಿ.

ಆಮೇಲೆ ಓಪನ್‌ಎಂಆರ್‌ಎಸ್‌ಗೆ ಬಂದೆವು. 2004ರಲ್ಲಿ ಎಚ್‌ಐವಿ ಚಿಕಿತ್ಸೆಯ ಒತ್ತಡದಲ್ಲಿ ಹುಟ್ಟಿದ, ರೋಗಿಗಳ ದಾಖಲೆ ಇಡುವ ತಂತ್ರಾಂಶ ಅದು, ದೀರ್ಘಕಾಲದ ಕಾಯಿಲೆಗಳ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ತಂತ್ರಾಂಶ ಪುಕ್ಕಟೆ, ಆದರೆ ಯುಪಿಎಸ್, ಬ್ಯಾಟರಿ, ಎರಡನೇ ಸರ್ವರ್, ಅದನ್ನು ನೋಡಿಕೊಳ್ಳುವ ಒಬ್ಬರ ಸಂಬಳ ಪುಕ್ಕಟೆಯಲ್ಲ. ಆ ಸಂಬಳವೇ ನಮ್ಮ ಖರ್ಚಿನ ಅರ್ಧಕ್ಕಿಂತ ಹೆಚ್ಚು. ಅದನ್ನು ಉಳಿಸಲು ಹೋಗಬೇಡಿ.

ವಿಧಾನ ಇಷ್ಟೇ. ಬಿಪಿ, ತೂಕ ನೋಡುವ ಮೇಜಿನಲ್ಲೇ ನರ್ಸ್ ಆ ಅಂಕಿಗಳನ್ನು ಹಾಕುತ್ತಾರೆ. ಕೂಡಲೇ ಒಂದು ಹಾಳೆ ಪ್ರಿಂಟ್ ಆಗುತ್ತದೆ: ಕಾಯಿಲೆಗಳ ಪಟ್ಟಿ, ಈಗಿನ ಔಷಧ, ಅಲರ್ಜಿ, ಹಿಂದಿನ ಮೂರು ಭೇಟಿಯ ಅಂಕಿಗಳು. ಡಾಕ್ಟರು ಅದರ ಮೇಲೇ ಪೆನ್ನಿನಲ್ಲಿ ಬರೆಯುತ್ತಾರೆ. ರೋಗಿ ಹೊರಡುವ ಮೊದಲು, ಬದಲಾದದ್ದನ್ನು ಮಾತ್ರ ನರ್ಸ್ ಕಂಪ್ಯೂಟರಿಗೆ ಸೇರಿಸುತ್ತಾರೆ, ಅನುಮಾನವಿದ್ದರೆ ಅಲ್ಲೇ ಕೇಳುತ್ತಾರೆ. ಸಮಸ್ಯೆಗಳ ಪಟ್ಟಿಯೇ ದಾಖಲೆಯ ಬೆನ್ನೆಲುಬಾಗಬೇಕು ಎಂದು ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲೇ ವಾದಿಸಿದ್ದರು. ನಮ್ಮ ಹಾಳೆ ಅದರ ಮೇಲೇ ನಿಂತಿದೆ. ಕರೆಂಟು ಹೋದರೂ, ನೆಟ್‌ವರ್ಕ್ ಸತ್ತರೂ ಖಾಲಿ ನಮೂನೆಯ ಮೇಲೆ ಕೆಲಸ ಸಾಗುತ್ತದೆ.

ಕಾಯಿಲೆಗಳಿಗೆ ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-10 ಅನ್ನು ಪೂರ್ತಿ ತೆರೆದಿಟ್ಟಾಗ ಯಾರಿಗೂ ಆರಿಸಲು ಆಗಲಿಲ್ಲ. ಅರವತ್ತರ ಆಸುಪಾಸಿನ ಕಿರುಪಟ್ಟಿ ಮಾಡಿದೆ. ನರ್ಸ್ ‘ಬಿಪಿ’ ಎಂದು ಒತ್ತಿದರೆ ಒಳಗೆ ಐ10 ಕೂರುತ್ತದೆ, ‘ಸಕ್ಕರೆ, ಟೈಪ್ 2’ ಎಂದರೆ ಇ11. ಪಟ್ಟಿಯಲ್ಲಿಲ್ಲದ್ದಕ್ಕೆ ಬಿಡಿ ಬರಹ.

ರೋಗಿ ಸಂಖ್ಯೆಯ ಕೊನೆಯಲ್ಲಿ ಮೊದಲು ಲೂನ್ ತಪಾಸಣಾ ಅಂಕಿ (ಟೈಪ್ ಮಾಡುವಾಗಿನ ತಪ್ಪು ಹಿಡಿಯಲು ಉಳಿದ ಅಂಕಿಗಳಿಂದ ಲೆಕ್ಕಹಾಕಿ ಸೇರಿಸುವ ಅಂಕಿ) ಇತ್ತು. ಒಂದು ಅಂಕಿ ತಪ್ಪಿದರೆ ಅದು ಹಿಡಿಯುತ್ತದೆ, ಆದರೆ ಅಕ್ಕಪಕ್ಕದ 09 ತಿರುಗಿ 90 ಆದರೆ ಬಿಟ್ಟುಬಿಡುತ್ತದೆ. ವರ್ಹೂಫ್ ವಿಧಾನ ಅಂಥ ಅದಲುಬದಲನ್ನೆಲ್ಲ ಹಿಡಿಯುತ್ತದೆ, ಹಾಗಾಗಿ ಅದಕ್ಕೆ ಬದಲಾಯಿಸಿದೆವು. ಒಬ್ಬರಿಗೇ ಎರಡು ದಾಖಲೆ ಇದ್ದದ್ದು ಆರಂಭದಲ್ಲಿ ಹತ್ತರಲ್ಲಿ ಒಂದರಷ್ಟು. ಬೇರೆಬೇರೆ ಕಾಗುಣಿತದ ಹೆಸರುಗಳನ್ನು ಹೊಂದಿಸಲು ನಾನು ಕಟ್ಟಿದ ನಿಯಮಗಳು ತುಂಬ ಚೆನ್ನಾಗಿ ಕೆಲಸ ಮಾಡುತ್ತಿವೆ, ಅವನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಒಂದನ್ನು ಮಾತ್ರ ಹೇಳುತ್ತೇನೆ: ಯಂತ್ರ ತಾನಾಗಿ ಎರಡು ದಾಖಲೆಗಳನ್ನು ಬೆಸೆಯಲು ಬಿಡಬೇಡಿ, ಮನುಷ್ಯ ಬೆಸೆಯುವಾಗಲೂ ಎರಡೂ ಕಡೆಯ ಅಲರ್ಜಿಗಳು ಉಳಿಯಲೇಬೇಕು.

ಕಂಪ್ಯೂಟರ್ ತೋರಿಸುವ ಎಚ್ಚರಿಕೆಯ ಸಂದೇಶಗಳನ್ನೆಲ್ಲ ಹಾಕಿಟ್ಟಾಗ ಹತ್ತರಲ್ಲಿ ಒಂಬತ್ತನ್ನು ಓದದೆಯೇ ಮುಚ್ಚುತ್ತಿದ್ದರು. ಬಹುಪಾಲನ್ನು ಕಿತ್ತುಹಾಕಿದೆ. ಈಗ ಉಳಿದಿರುವುದು ಅಲರ್ಜಿ, ಗರ್ಭಿಣಿಗೆ ಎನಾಲಪ್ರಿಲ್‌ನಂಥ ಬಿಪಿ ಔಷಧ, ಇಜಿಎಫ್‌ಆರ್ (ಮೂತ್ರಪಿಂಡ ಸೋಸುವ ಶಕ್ತಿಯ ಅಳತೆ) 30ಕ್ಕಿಂತ ಕಡಿಮೆ ಇರುವವರಿಗೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಇಂಥ ಕೆಲವೇ. ಅವೂ ಹಾಳೆಯ ತುದಿಯಲ್ಲಿ ದಪ್ಪಕ್ಷರದಲ್ಲಿ ಬರುತ್ತವೆ.

ನಡುವೆ ಧ್ವನಿಯಿಂದ ಬರೆಸುವ ಪ್ರಯೋಗವೂ ಆಯಿತು. ಸಾಮಾನ್ಯ ಮಾತು ಚೆನ್ನಾಗೇ ಬಂತು, ಒಂದೇ ಥರ ಕೇಳಿಸುವ ಔಷಧದ ಹೆಸರುಗಳಲ್ಲಿ ಎಡವಿತು. ಡೋಸ್ ಇರುವ ಜಾಗದಲ್ಲಿ ಅದು ಬೇಡವೆಂದು ನಿಲ್ಲಿಸಿದೆ. ನೆನಪಿನ ಎಸ್‌ಎಂಎಸ್ ಅನ್ನು ಬೆಳಿಗ್ಗೆಯ ಬದಲು ಸಂಜೆ ಕಳಿಸಿ ನೋಡಿದೆವು, ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಎಲ್ಲರನ್ನೂ ಒಪ್ಪಿಸಿದ್ದು ಸೋಮವಾರದ ಪಟ್ಟಿ. ಬರಬೇಕಾದ ದಿನ ಕಳೆದು ತಿಂಗಳಾದರೂ ಬಾರದವರು ಯಾರು ಎಂದು ಪ್ರತಿವಾರ ತೆಗೆದು, ಒಬ್ಬೊಬ್ಬರಿಗೂ ಫೋನ್ ಮಾಡುತ್ತೇವೆ. ಮೊದಲ ಪಟ್ಟಿಯಲ್ಲಿ ನೋಂದಾಯಿತರ ಅರ್ಧದಷ್ಟು ಜನ ಇದ್ದರು. ಒಂದು ವರ್ಷದಲ್ಲಿ ಐದನೇ ಒಂದು ಭಾಗಕ್ಕೆ ಇಳಿಯಿತು. ತೀರಿಕೊಂಡವರನ್ನು, ಬೇರೆಡೆಗೆ ಹೋದವರನ್ನು ಆಗಾಗ ಗುರುತಿಸಿ ತೆಗೆಯದಿದ್ದರೆ ಪಟ್ಟಿ ಉದ್ದವಾಗುತ್ತದೆ, ಫೋನ್ ಮಾಡುವವರಿಗೆ ಬೇಸರ ಬರುತ್ತದೆ, ಆಮೇಲೆ ಯಾರೂ ಅದನ್ನು ನೋಡುವುದಿಲ್ಲ. ಪಟ್ಟಿ ಸರಿಯಾಗಿ ಬರಬೇಕಾದರೆ ಪ್ರತಿ ಭೇಟಿಯೂ ಅಂದೇ ದಾಖಲಾಗಬೇಕು ಎಂಬುದು ನರ್ಸ್‌ಗಳಿಗೆ ತಾನಾಗಿ ಅರ್ಥವಾಯಿತು. ನಾನು ಆಮೇಲೆ ಯಾರನ್ನೂ ಒತ್ತಾಯಿಸಬೇಕಾಗಲಿಲ್ಲ.

ಈಗ ಲ್ಯಾಬ್ ಜೋಡಣೆ ನಡೆಯುತ್ತಿದೆ. ಎಚ್‌ಬಿಎ1ಸಿಯನ್ನು (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ಒಂದು ಲ್ಯಾಬ್ ಶೇಕಡಾದಲ್ಲಿ ಕಳಿಸಿದರೆ ಇನ್ನೊಂದು ಮಿಲಿಮೋಲ್ ಪ್ರತಿ ಮೋಲ್‌ನಲ್ಲಿ ಕಳಿಸುತ್ತದೆ. ಅಲ್ಲಿನ 7 ಇಲ್ಲಿ 53. ಅಳತೆಯ ಘಟಕ ಬರೆಯದ ಫಲಿತಾಂಶವನ್ನು ನಮ್ಮ ಸರ್ವರ್ ಒಳಗೆ ಬಿಡುವುದೇ ಇಲ್ಲ. ಲ್ಯಾಬ್‌ನವರು ಕೆಲವು ವಾರ ಗೊಣಗಿದರು, ಈಗ ಘಟಕ ಸೇರಿಸಿಯೇ ಕಳಿಸುತ್ತಿದ್ದಾರೆ.