ಸೀಟಿ ಯಾರ ಕೈಯಲ್ಲಿ

ಯಲ್ಲಾಪುರ ತಾಲೂಕಿನ ಹೈಸ್ಕೂಲೊಂದಕ್ಕೆ ನಾನು ಪಿ.ಟಿ. ಮಾಸ್ತರನಾಗಿ ಹೋದದ್ದು ಜೂನ್ ತಿಂಗಳ ಜಡಿಮಳೆಯಲ್ಲಿ. ನಾನು ಹಾವೇರಿ ಕಡೆಯ ಬಯಲುಸೀಮೆಯವನು. ಕಾಡು, ಉಂಬಳ, ಅಡಿಕೆ ತೋಟ ಎಲ್ಲವೂ ಹೊಸದು. ಶಾಲೆಯಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ಇಪ್ಪತ್ತರ ಮೇಲಿದ್ದಾರೆ ಎಂದು ಗೊತ್ತಾದಾಗ ನನ್ನ ತಲೆಯಲ್ಲಿ ಮೊದಲು ಬಂದದ್ದನ್ನು ಮುಚ್ಚಿಡದೆ ಹೇಳುತ್ತೇನೆ: ಈ ಸಲ ಜಿಲ್ಲಾ ಮಟ್ಟದ ಪದಕ ಗ್ಯಾರಂಟಿ!

ಮಳೆ ಬಿಟ್ಟ ಮೊದಲ ದಿನವೇ ಸ್ಟಾಪ್‌ವಾಚ್ ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಒಬ್ಬ ಹುಡುಗನ ಮೀನಖಂಡ ನೋಡಿ, "ಏನು ಕಾಲೋ ನಿಂದು!" ಅಂದೆ. ಸಾಲಿನ ಕೊನೆಯಲ್ಲಿದ್ದ ಎಂಟನೇ ತರಗತಿಯ ಹುಡುಗಿ ಕೇಳಿಯೇಬಿಟ್ಟಳು: "ಸರ್, ಬೇರೆ ಮಕ್ಕಳ ಕಾಲನ್ನೂ ಹಿಂಗೇ ನೋಡ್ತೀರಾ? ನಾವೇನು ಜಾತ್ರೆಗೆ ತಂದ ಎತ್ತಾ?" ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆವತ್ತು ರಾತ್ರಿ ಆ ಮಾತು ಬಿಡಲಿಲ್ಲ.

ಸಿದ್ದಿಯರ ಕಾಲು ನೋಡಿದವರಲ್ಲಿ ನಾನು ಮೊದಲಿಗನೇನಲ್ಲ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದನ್ನು ತಂದು ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಮಕ್ಕಳನ್ನು ಆರಿಸಿ ದೂರದ ಕೇಂದ್ರಗಳಿಗೆ ಕರೆದೊಯ್ದಿತ್ತು. ಕಮಲಾ ಸಿದ್ದಿ, ಜೂಜೆ ಜಾಕಿಯಂಥ ಒಳ್ಳೆಯ ಓಟಗಾರರು ಬಂದದ್ದು ಅಲ್ಲಿಂದಲೇ. 1993ರ ಹೊತ್ತಿಗೆ ಯೋಜನೆ ನಿಂತಿತು. ಆಗ ಹೋಗಿ ವಾಪಸ್ಸು ಬಂದವರೊಬ್ಬರು ನಮ್ಮ ಶಾಲೆಯ ಹತ್ತಿರದ ಕೇರಿಯಲ್ಲೇ ಇದ್ದರು. ಪರರ ತೋಟದಲ್ಲಿ ಕೂಲಿ. ಅವರ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು, ಅದರೊಳಗೆ ಮುಳ್ಳು ಸವೆದ ಸ್ಪೈಕ್ಸ್. ತೆಗೆದು ತೋರಿಸಿದರು, ಮತ್ತೆ ಒಳಗಿಟ್ಟರು. "ಓಡು ಅಂದ್ರು, ಓಡಿದೆ. ಸಾಕು ಅಂದ್ರು, ಬಂದೆ" ಎಂದಷ್ಟೇ ಹೇಳಿದರು. ಆ ಎರಡು ವಾಕ್ಯದ ನಡುವೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ನಾನು ಮಾಡಲು ಹೊರಟದ್ದೂ ಹೆಚ್ಚುಕಡಿಮೆ ಅದನ್ನೇ.

ಹಾಗಂತ ಮರುದಿನವೇ ಬದಲಾದೆ ಎಂದಲ್ಲ. ಕಬಡ್ಡಿ ತಂಡ ಕಟ್ಟಿದೆ, ಎಲ್ಲರಿಗಿಂತ ಚುರುಕಾದ ಹುಡುಗನನ್ನು ಕ್ಯಾಪ್ಟನ್ ಮಾಡಿದೆ. ವಲಯ ಮಟ್ಟದ ಪಂದ್ಯದಲ್ಲಿ ಅವನೇ ರೈಡಿಗೆ ಹೋದ, ಅವನೇ ಔಟಾದ, ಮತ್ತೆ ಅವನೇ ಹೋದ. ಉಳಿದ ಆರು ಜನ ಅಂಗಳದಲ್ಲಿ ನೆಟ್ಟ ಗೂಟದಂತೆ ನಿಂತಿದ್ದರು. ಸೋತೆವು. ವಾಪಸ್ಸು ಬರುವಾಗ ಟೆಂಪೊದಲ್ಲಿ ಮಕ್ಕಳು ಕೊಂಕಣಿಯಲ್ಲಿ ಜೋರಾಗಿ ಜಗಳಕ್ಕೆ ಬಿದ್ದರು. ಈ ಸಿದ್ದಿಯರ ಮನೆಮಾತು ಕೊಂಕಣಿ, ನನಗೆ ಒಂದಕ್ಷರ ಬಾರದು. "ಕನ್ನಡದಲ್ಲಿ ಮಾತಾಡ್ರೋ" ಎಂದು ಗದರಿದೆ. ಇಡೀ ಟೆಂಪೊ ಗಪ್‌ಚಿಪ್. ಆ ಜಗಳವನ್ನು ಬಗೆಹರಿಸುತ್ತಿದ್ದವನು ತಂಡದ ಬದಲಿ ಆಟಗಾರ, ಒಂದು ಸಣಕಲು ಹುಡುಗ ಎಂದು ತಿಳಿದದ್ದು ಎಷ್ಟೋ ದಿನದ ಮೇಲೆ. ತಂಡದ ನಿಜವಾದ ಮುಖಂಡ ಅವನೇ ಆಗಿದ್ದ. ನನಗೆ ಅರ್ಥವಾಗದ ಭಾಷೆಯಲ್ಲಿ ನಡೆಯುತ್ತಿದ್ದದ್ದರಿಂದ ನಾನೇ ಅದರ ಬಾಯಿ ಮುಚ್ಚಿಸಿದ್ದೆ.

ಕ್ಯಾಪ್ಟನ್ ಪದ್ಧತಿ ಬಿಟ್ಟೆ. ವಾರಕ್ಕೊಬ್ಬರಂತೆ ಮೂರು ಕೆಲಸ ಹಂಚಿದೆ: ಸೀಟಿ, ಸ್ಕೋರ್ ಪುಸ್ತಕ, ಸಾಮಾನಿನ ಕೋಣೆಯ ಕೀಲಿ. ಆಟದಲ್ಲಿ ಹಿಂದುಳಿದವರಿಗೂ ಪಾಳಿ ತಪ್ಪದು. ಸೀಟಿ ಹಿಡಿದವರ ತೀರ್ಪನ್ನು ನಾನೂ ಬದಲಿಸುವಂತಿಲ್ಲ, ನನ್ನ ಕಣ್ಣಿಗೆ ತಪ್ಪು ಕಂಡರೂ ಸರಿ.

ಈ ಕೊನೆಯ ನಿಯಮ ಬರೆಯುವುದು ಸುಲಭ. ಸುಗ್ಗಿ ಮುಗಿದ ಗದ್ದೆಯಲ್ಲಿ ಭಾನುವಾರ ಆಡುತ್ತಿದ್ದೆವು. ಸೀಟಿ ಇದ್ದದ್ದು ಎತ್ತಿನ ಮಾತಾಡಿದ ಆ ಹುಡುಗಿಯ ಕೈಯಲ್ಲಿ. ರೈಡಿಗೆ ಹೋದವನು ಅವಳ ಸ್ವಂತ ಅಣ್ಣ. ಯಾರನ್ನೂ ಮುಟ್ಟುವ ಮೊದಲೇ ಅವನ ಹಿಮ್ಮಡಿ ಅಂಗಳದ ಬದಿಯ ಲಾಬಿಯ ಗೆರೆ ದಾಟಿತು, ಅಂದರೆ ಔಟ್. ಒಣಗಿದ ಗದ್ದೆ, ಸುಣ್ಣದ ಪುಡಿಯ ಗೆರೆ. ಹಿಮ್ಮಡಿ ಬಿದ್ದಲ್ಲಿ ಬೆರಳಗಲ ಸುಣ್ಣ ಕದಡಿತ್ತು, ಅಷ್ಟೇ ಸಾಕ್ಷಿ. ಅವಳು ಸೀಟಿ ಊದಿದಳು. ಅಣ್ಣ ಅಬ್ಬರಿಸಿಕೊಂಡು ಬಂದ. ಅವಳ ಕೈ ನಡುಗುತ್ತಿತ್ತು. ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಷೂ ಲೇಸ್ ಕಟ್ಟಲು ಬಗ್ಗಿದೆ. ತಲೆಯೆತ್ತಿದಾಗ ಅವಳು ಕುಕ್ಕರಗಾಲಿನಲ್ಲಿ ಕೂತು ಕದಡಿದ ಸುಣ್ಣಕ್ಕೆ ಬೆರಳಿಟ್ಟು ತೋರಿಸುತ್ತಿದ್ದಳು, ಮಾತಿಲ್ಲ. ಅಣ್ಣ ಗೊಣಗುತ್ತಾ ಹೊರಗೆ ಹೋಗಿ ಕೂತ. ಎರಡು ದಿನ ತಂಗಿಯ ಹತ್ತಿರ ಮಾತು ಬಿಟ್ಟಿದ್ದನಂತೆ.

ನವೆಂಬರ್ ಬಂತೆಂದರೆ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು. ದೊಡ್ಡವರು ತೋಟಕ್ಕೆ, ಹೆಣ್ಣುಮಕ್ಕಳು ರಾತ್ರಿ ಅಡಿಕೆ ಸುಲಿಯಲು. ಹುಡುಗಿಯರು ಬೆಳಿಗ್ಗೆ ಅಭ್ಯಾಸಕ್ಕೆ ತಡವಾಗಿ ಬಂದಾಗ ನಾನು ಮೈದಾನ ಸುತ್ತಿಸುತ್ತಿದ್ದೆ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತವರನ್ನು ಬೆಳಿಗ್ಗೆ ಆರಕ್ಕೆ ಓಡಿಸಿದ ಮೂರ್ಖ ನಾನು. ವೇಳಾಪಟ್ಟಿಯನ್ನು ಅವರಿಗೇ ಬಿಟ್ಟೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಪ್ಪತ್ತೈದು ನಿಮಿಷ, ಭಾನುವಾರ ಸಂಜೆ ಪೂರ್ತಿ ಎಂದು ಬರೆದು ತಂದರು. ಆ ವರ್ಷ ಹುಡುಗಿಯರ ತಂಡ ತಾಲೂಕು ಮಟ್ಟ ದಾಟಿತು. ಜಿಲ್ಲೆಯಲ್ಲಿ ಮೊದಲ ಪಂದ್ಯದಲ್ಲೇ ಸೋತಿತು. ಪದಕದ ಕಥೆ ಇಷ್ಟೇ.

ಸಿದ್ದಿಯರ ಚರ್ಮವಾದ್ಯ ದಮಾಮ್ ವಿಷಯಕ್ಕೆ ನಾನು ಕೈಹಾಕಿದ್ದಲ್ಲ, ಅದೇ ಬಂದದ್ದು. ಮಳೆಗಾಲದ ಒಂದು ಸಂಜೆ ಕೇರಿಯಲ್ಲಿ ಸಿಕ್ಕಿಕೊಂಡಾಗ ಆಜಿಯೊಬ್ಬರು ಒಲೆಯ ಮುಂದೆ ದಮಾಮನ್ನು ಕಾಯಿಸುತ್ತಿದ್ದರು. ತಂಡಿಗೆ ಚರ್ಮ ಮೆತ್ತಗಾದರೆ ನಾದ ಬರುವುದಿಲ್ಲ. "ನಿಮ್ ಹುಡುಗ್ರಿಗೆ ಕಬಡ್ಡಿ ಬತ್ತದೆ, ಇದು ಬರೂದಿಲ್ಲ ಮಾಸ್ತರ್ರೆ" ಅಂದರು. ಹುಡುಗರನ್ನು ಕೇಳಿದರೆ ನಾಚಿಕೆಯಂತೆ. ಕಾರಣವೂ ಇತ್ತು. ಮೆರವಣಿಗೆ, ಉತ್ಸವ ಎಂದು ಕರೆಸುವವರು ಸೊಪ್ಪಿನ ಲಂಗ ಉಡಿಸಿ, ಮುಖಕ್ಕೆ ಬಿಳಿ ಬಣ್ಣ ಬಳಿದು ಕುಣಿಸುತ್ತಿದ್ದರು. ಮನೆಯಲ್ಲಿ ದಮಾಮ್ ಬಾರಿಸುವಾಗ ಯಾರೂ ಸೊಪ್ಪು ಉಡುವುದಿಲ್ಲ. ಅಂಗಿ, ಲುಂಗಿ, ಸೀರೆಯಲ್ಲೇ ಹಾಡು, ಫುಗಡಿ ಕುಣಿತ ಎಲ್ಲ.

ಆಜಿಯ ಮನೆ ಜಗಲಿಯಲ್ಲಿ ಶನಿವಾರದ ಕಲಿಕೆ ಶುರುವಾಯಿತು. ನಾನು ಸುಮ್ಮನೆ ಕೂತು ಚಹಾ ಕುಡಿಯುವವನು. ಮರುವರ್ಷ ಒಂದು ಉತ್ಸವದಿಂದ ಕರೆ ಬಂತು. ವೇದಿಕೆಯ ಹಿಂದೆ ಸೊಪ್ಪಿನ ಕಟ್ಟು ತಯಾರಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ಸಣಕಲು ಹುಡುಗ ಹೇಳಿದ: "ನಾವು ಮನೇಲಿ ಹೆಂಗೆ ಹಾಡ್ತೀವೋ ಹಂಗೇ ಹಾಡ್ತೀವಿ ಸರ್. ಇಲ್ಲಾಂದ್ರೆ ಬಸ್ ಚಾರ್ಜ್ ಕೊಡಿ, ಹೋಗ್ತೀವಿ." ಸಂಘಟಕರು ನನ್ನ ಮುಖ ನೋಡಿದರು. "ಅವರದೇ ತೀರ್ಮಾನ" ಅಂದೆ. ಅರ್ಧ ತಾಸು ಗುಸುಗುಸು ನಡೆದು, ಕೊನೆಗೆ ನೀಲಿ ಶಾಲಾ ಅಂಗಿಯಲ್ಲೇ ಹಾಡಿದರು. ಮುಂದಿನ ವರ್ಷ ಅಲ್ಲಿಂದ ಕರೆ ಬರಲಿಲ್ಲ.

2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಸಿದ್ದಿ ಸಮುದಾಯದಿಂದ ಶಾಸನಸಭೆಯೊಳಗೆ ಕಾಲಿಟ್ಟ ಮೊದಲಿಗರು, ನಮ್ಮ ಯಲ್ಲಾಪುರ ತಾಲೂಕಿನವರೇ. ಮೊಬೈಲಿನಲ್ಲಿ ಫೋಟೊ ತೋರಿಸಿದಾಗ ಆರನೇ ತರಗತಿಯವನೊಬ್ಬ ಕೇಳಿದ, "ಸರ್, ಇವ್ರು ಯಾವ ಆಟ ಆಡ್ತಿದ್ರು?" ಸಿದ್ದಿಯವರ ಹೆಸರು ಪೇಪರಿನಲ್ಲಿ ಬಂದರೆ ಓಟಕ್ಕೋ ಕುಣಿತಕ್ಕೋ ಎಂದು ಮಗು ತಿಳಿದಿತ್ತು. ಅಂದಿನಿಂದ ನೀನಾಸಂನಲ್ಲಿ ಕಲಿತ ರಂಗನಟಿ ಗಿರಿಜಾ ಸಿದ್ದಿ, 2023ರಲ್ಲಿ ಪದ್ಮಶ್ರೀ ಪಡೆದ ಗುಜರಾತಿನ ಸಿದ್ದಿ ಸಮಾಜಸೇವಕಿ ಹೀರಾಬಾಯಿ ಲೋಬಿ, ಹೀಗೆ ಬೇರೆ ಬೇರೆ ದಾರಿಯವರ ಬಗ್ಗೆ ಮಾತಾಡತೊಡಗಿದೆವು.

ಎಲ್ಲ ಕೈಗೂಡಲಿಲ್ಲ. ನಾನು ಕ್ಯಾಪ್ಟನ್ ಮಾಡಿದ ಆ ಚುರುಕು ಹುಡುಗ ಹತ್ತನೇ ತರಗತಿ ಅರ್ಧಕ್ಕೆ ಬಿಟ್ಟು ಗೋವೆಯ ಹೋಟೆಲ್ ಕೆಲಸಕ್ಕೆ ಹೋದ. ಇಬ್ಬರು ಹುಡುಗಿಯರಿಗೆ ಬೇಗ ಮದುವೆಯಾಯಿತು. ಕೂಲಿ ಸಾಲದ ಮನೆಗೆ ಸೀಟಿ ಅನ್ನ ಹಾಕುವುದಿಲ್ಲ. ಅಣ್ಣನಿಗೆ ಔಟ್ ಕೊಟ್ಟ ಹುಡುಗಿ ಮಾತ್ರ ಈಗ ಕೇರಿಯವರ ಅರ್ಜಿಗಳನ್ನೆಲ್ಲ ತಾನೇ ತುಂಬುತ್ತಾಳೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ, ಆದರೆ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯುವುದು ತಪ್ಪಿಲ್ಲ. ಅವಳು ಜೊತೆಗೆ ಹೋದರೆ ಒಂದೇ ಓಡಾಟದಲ್ಲಿ ಆಗುತ್ತದೆಂದು ಜನ ಹೇಳುತ್ತಾರೆ.

ತಂಡದ ಲೆಕ್ಕದ ಪುಸ್ತಕ ಶುರುಮಾಡಿದವಳೂ ಅವಳೇ. ಟೆಂಪೊ ಬಾಡಿಗೆ, ಮಂಡಕ್ಕಿ, ಮೊಣಕಾಲು ಪಟ್ಟಿ, ಎಲ್ಲ ಕಾಸು ಕಾಸಿಗೆ. ಒಮ್ಮೆ ನಾನು ಚಿಲ್ಲರೆ ಇಲ್ಲವೆಂದು ಡಬ್ಬಿಯಿಂದ ತೆಗೆದ 20 ರೂಪಾಯಿಯನ್ನು "ಸರ್, ಬಾಕಿ" ಎಂದು ಬರೆದಿದ್ದಳು. ವರ್ಗವಾಗಿ ಹೊರಟ ದಿನ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಇರ್ಲಿ ಸರ್, ಬಾಕಿ ಇದ್ರೆ ಬರ್ತೀರಿ."

ಹೋದ ಬೇಸಿಗೆಯಲ್ಲಿ ಹೋಗಿದ್ದೆ. ಗದ್ದೆಯಲ್ಲಿ ಆಟ ನಡೆದಿತ್ತು. ಸೀಟಿ ಹಿಡಿದವನು ನನಗೆ ಗುರುತಿಲ್ಲದ ಪುಟ್ಟ ಹುಡುಗ. "ಗೆರೆ ಬಿಟ್ಟು ಹಿಂದೆ ನಿಲ್ರೀ" ಎಂದು ನನ್ನನ್ನು ಗದರಿಸಿ, ಪಕ್ಕದವನ ಹತ್ತಿರ ಕೊಂಕಣಿಯಲ್ಲಿ ಏನೋ ಕೇಳಿದ. ಅವನು ಪುಸ್ತಕದ ಹಾಳೆ ಮಗುಚಿ, ಒಮ್ಮೆ ನನ್ನ ಮುಖ ನೋಡಿ, ಕನ್ನಡದಲ್ಲೇ ಹೇಳಿದ: "ಇವ್ರೇ ಕಣೋ, ಬಾಕಿ ಸರ್."