ಬಾಗಿಲು ತೆರೆದೊಡನೆ ಉರಿಯುವ ಕ್ಯಾಬಿನ್ ದೀಪ

ಮಳೆಗಾಲದ ರಾತ್ರಿ ದೇವಿಮನೆ ಘಟ್ಟ ಇಳಿದು ಕುಮಟಾದತ್ತ ಬರುವಾಗ ನಡುವೆ ವಾಹನ ನಿಲ್ಲಿಸಿದವರಿಗೆ, ಸೀಟಿನ ಕೆಳಗಿನ ಕೊಡೆಗಾಗಿ ಕತ್ತಲಲ್ಲಿ ತಡಕಾಡುವ ಪಾಡು ಗೊತ್ತಿರುತ್ತದೆ. ಹಳೆಯ ಟೆಂಪೊ ಟ್ರಾವೆಲರ್ ಅಥವಾ ವ್ಯಾನ್ ಕೊಂಡು, ಹಿಂಭಾಗದಲ್ಲಿ ಹಾಸಿಗೆ, ಒಲೆ ಕೂರಿಸಿ ಪ್ರವಾಸದ ಮನೆಯಾಗಿಸಿಕೊಂಡವರು ಚಾಲಕನ ಕ್ಯಾಬಿನ್ನನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಿರುತ್ತಾರೆ. ಅಲ್ಲಿನ ರೂಫ್ ಲೈಟಿಗೆ ಡೋರ್ ಸ್ವಿಚ್ ಜೋಡಿಸುವುದು ಅರ್ಧ ದಿನದ ಕೆಲಸ.

ಫ್ರಿಜ್ಜಿನ ದೀಪದಂತೆಯೇ ಇದು ಕೆಲಸ ಮಾಡುತ್ತದೆ. ಬ್ಯಾಟರಿಯ ಪಾಸಿಟಿವ್ ಫ್ಯೂಸಿನ ಮೂಲಕ ಸದಾ ದೀಪಕ್ಕೆ ಬರುತ್ತಿರುತ್ತದೆ. ನೆಗೆಟಿವ್ ಮಾತ್ರ ಬಾಗಿಲ ಚೌಕಟ್ಟಿನ ಸ್ವಿಚ್ಚನ್ನು ದಾಟಿ ವಾಹನದ ತಗಡಿನ ಮೈಗೆ ಸೇರುತ್ತದೆ. ಬಾಗಿಲು ಮುಚ್ಚಿದಾಗ ಸ್ವಿಚ್ಚಿನ ಗುಂಡಿ ಒಳಗೆ ಒತ್ತಿ ಸಂಪರ್ಕ ಕಡಿಯುತ್ತದೆ, ತೆರೆದಾಗ ಸ್ಪ್ರಿಂಗ್ ಅದನ್ನು ಹೊರದೂಡಿ ಸಂಪರ್ಕ ಕೂಡಿಸುತ್ತದೆ. ಎರಡೂ ಬಾಗಿಲುಗಳ ಸ್ವಿಚ್ ವೈರನ್ನು ಒಂದೆಡೆ ಸೇರಿಸಿದರೆ ಯಾವ ಬಾಗಿಲು ತೆರೆದರೂ ದೀಪ ಉರಿಯುತ್ತದೆ.

ಮೊದಲಿಗೆ ವಾಹನ 12 ವೋಲ್ಟಿನದೋ 24 ವೋಲ್ಟಿನದೋ ಎಂಬುದನ್ನು ಮೀಟರಿನಿಂದ ಖಚಿತಪಡಿಸಿಕೊಂಡು, ಬಳಿಕ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಬೇಕು. ರೂಫ್ ಲೈಟನ್ನು ಕೆಳಗಿಳಿಸಿ ಅದರ ಅರ್ಥಿಂಗ್, ಅಂದರೆ ತಗಡಿನ ಮೈಯೊಂದಿಗಿನ ನೆಗೆಟಿವ್ ಸಂಪರ್ಕ, ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಹಲವು ಹಳೆಯ ದೀಪಗಳು ತಮ್ಮ ಸ್ಕ್ರೂಗಳ ಮೂಲಕವೇ ಚಾವಣಿಯ ತಗಡಿನಿಂದ ಅರ್ಥಿಂಗ್ ಪಡೆಯುತ್ತವೆ. ಅಂಥವು ಡೋರ್ ಸ್ವಿಚ್ಚಿನ ಮಾತು ಕೇಳುವುದಿಲ್ಲ. ಅವುಗಳ ಬದಲಿಗೆ ಪಾಸಿಟಿವ್, ಡೋರ್ ಸ್ವಿಚ್, ಅರ್ಥಿಂಗ್ ಎಂದು ಮೂರು ವೈರ್ ಹೊರಬರುವ, ಆನ್, ಡೋರ್, ಆಫ್ ಎಂಬ ಮೂರು ಸ್ಥಾನಗಳಿರುವ ದೀಪ ಹಾಕುವುದು ಉತ್ತಮ. ಬಾಗಿಲು ತೆರೆದಿಟ್ಟು ಕಡಲ ಗಾಳಿಗೆ ಗಂಟೆಗಟ್ಟಲೆ ಕೂರುವವರಿಗೆ ಆ ಆಫ್ ಸ್ಥಾನ ಇರಲೇಬೇಕು, ಇಲ್ಲದಿದ್ದರೆ ಊರಿನ ಹುಳುಗಳೆಲ್ಲ ಒಳಗಿರುತ್ತವೆ.

ಸ್ವಿಚ್ ಕೂರಿಸುವ ಜಾಗದಲ್ಲಿ ಬಾಗಿಲಿಗೂ ಚೌಕಟ್ಟಿಗೂ ನಡುವಿನ ಅಂತರ ತಿಳಿಯಲು ಚಪಾತಿ ಹಿಟ್ಟಿನ ಸಣ್ಣ ಉಂಡೆಯೊಂದು ಸಾಕು. ಚೌಕಟ್ಟಿಗೆ ಅಂಟಿಸಿ, ಬಾಗಿಲನ್ನು ಪೂರ್ತಿ ಮುಚ್ಚಿ ತೆರೆದರೆ, ಚಪ್ಪಟೆಯಾದ ಹಿಟ್ಟಿನ ದಪ್ಪವೇ ಆ ಅಂತರ. ಗುಂಡಿ ಒಳಗೆ ಒತ್ತಿದಾಗ ಉಳಿಯುವ ಎತ್ತರ ಅದಕ್ಕಿಂತ ಕಡಿಮೆಯಿರಬೇಕು, ಬಿಟ್ಟಾಗಿನ ಎತ್ತರ ಹೆಚ್ಚಿರಬೇಕು. ಹಿಂದೆ ಬೇರೆ ವೈರುಗಳಿಲ್ಲವೆಂದು ನೋಡಿಕೊಂಡು, ಸಣ್ಣ ಬಿಟ್ಟಿನಿಂದ ತೂತು ಕೊರೆದು, ನಂತರ ಅಳತೆಗೆ ಹಿಗ್ಗಿಸಬೇಕು.

ಕರಾವಳಿಯಲ್ಲಿ ಈ ತೂತೇ ತೊಂದರೆಯ ಮೂಲ. ಒಂದೇ ವೈರಿನ ಸಾಮಾನ್ಯ ಸ್ವಿಚ್ ತಾನು ಕೂತ ತಗಡಿನಿಂದಲೇ ಅರ್ಥಿಂಗ್ ಪಡೆಯುವುದರಿಂದ, ತೂತಿನ ಅಂಚಿಗೆ ಬಣ್ಣ ಬಳಿದರೆ ಸಂಪರ್ಕ ಸಿಗುವುದಿಲ್ಲ, ಬಳಿಯದಿದ್ದರೆ ಉಪ್ಪುಗಾಳಿ ಬಿಡುವುದಿಲ್ಲ. ಕಾರವಾರದಲ್ಲಿ ಜೂನ್ ತಿಂಗಳಿನಲ್ಲಿ ನನ್ನ ವ್ಯಾನಿಗೆ ಹಾಕಿದ ಮೊದಲ ಸ್ವಿಚ್ ದೀಪಾವಳಿಯ ಹೊತ್ತಿಗೆ ಕೈಕೊಟ್ಟಿತು; ಬಿಚ್ಚಿ ನೋಡಿದರೆ ಸ್ವಿಚ್ ಹೊಸದರಂತಿತ್ತು, ಅದರ ಕೊರಳ ಸುತ್ತ ಮಾತ್ರ ಕಾಫಿಪುಡಿಯಂಥ ತುಕ್ಕು ಉದುರುತ್ತಿತ್ತು. ಆದ್ದರಿಂದ ಅಂಚಿಗೆ ಧಾರಾಳವಾಗಿ ರೆಡ್ ಆಕ್ಸೈಡ್ ಬಳಿದು ಒಣಗಲು ಬಿಟ್ಟು, ಸ್ವಿಚ್ಚಿನ ಲೋಹದ ಭಾಗಕ್ಕೆ ಪ್ರತ್ಯೇಕ ಅರ್ಥಿಂಗ್ ವೈರ್ ಕಟ್ಟಿ, ಅದನ್ನು ಡ್ಯಾಷ್‌ಬೋರ್ಡಿನ ಒಳಗೆ ನೀರು ತಾಗದ ಕಡೆ, ಹೊಳೆಯುವ ತನಕ ಉಜ್ಜಿದ ಬೋಲ್ಟಿಗೆ ಬಿಗಿಯಬೇಕು. ಬಿಗಿದ ಮೇಲೆ ಆ ಬೋಲ್ಟಿಗೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಶಿರಸಿಯ ಕಡೆ ಉಪ್ಪಿನ ಕಾಟವಿಲ್ಲದಿದ್ದರೂ ಮಳೆಯ ತೇವ ಬೇಕಾದಷ್ಟಿರುವುದರಿಂದ ಅಲ್ಲಿನವರೂ ಇದನ್ನು ಬಿಡಬಾರದು.

ತೂತು ಕೊರೆಯಲು ಮನಸ್ಸಿಲ್ಲದವರು ಮನೆಬಾಗಿಲಿನ ಅಲಾರ್ಮಿಗೆ ಬಳಸುವ ಅಯಸ್ಕಾಂತದ ಸ್ವಿಚ್ ಹಾಕಬಹುದು. ಆದರೆ ಅದು ಅಯಸ್ಕಾಂತ ದೂರವಾದಾಗ ಸಂಪರ್ಕ ಕೂಡಿಸುವ ಬಗೆಯದಾಗಿರಬೇಕು. ತಿರುಗುಮುರುಗಿನದನ್ನು ತಂದು ರಿಲೇಯಿಂದ (ಕರೆಂಟಿನಿಂದ ನಡೆಯುವ ಸ್ವಿಚ್) ಸರಿಪಡಿಸಲು ಹೋದರೆ, ಬಾಗಿಲು ಮುಚ್ಚಿರುವಷ್ಟು ಹೊತ್ತೂ ರಿಲೇ ಕರೆಂಟು ಕುಡಿಯುತ್ತಿರುತ್ತದೆ. 150 ಮಿಲಿಆಂಪಿಯರ್ ಎಂದು ಹಿಡಿದರೂ ದಿನಕ್ಕೆ 3.6 ಆಂಪಿಯರ್-ಅವರ್ ಬ್ಯಾಟರಿಯಿಂದ ಸುಮ್ಮನೆ ಹೋಗುತ್ತದೆ.

ವೈರಿಂಗಿಗೆ 0.75 ಚದರ ಮಿಲಿಮೀಟರ್ ವೈರ್ ಸಾಕು. ತಗಡು ದಾಟುವಲ್ಲೆಲ್ಲ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ವೈರ್ ಉಜ್ಜದಂತೆ ಕಾಯುವ ಬಳೆ) ಹಾಕಿ, ಪೆಡಲ್ ಮತ್ತು ಸ್ಟೀರಿಂಗ್ ಕಂಬದಿಂದ ದೂರವಿಟ್ಟು, ಮುಂಗಾಜಿನ ಪಕ್ಕದ ಕಂಬದೊಳಗಿಂದ ಅದನ್ನು ಮೇಲಕ್ಕೆ ಒಯ್ಯಬೇಕು. ಪಾಸಿಟಿವ್ ವೈರಿಗೆ, ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ, 2 ಅಥವಾ 3 ಆಂಪಿಯರಿನ ಫ್ಯೂಸ್ ಇರಲೇಬೇಕು. 12 ವೋಲ್ಟಿನಲ್ಲಿ 5 ವಾಟಿನ ಬಲ್ಬು ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಬಾಗಿಲು ಸರಿಯಾಗಿ ಮುಚ್ಚದೆ 10 ಗಂಟೆ ಮಲಗಿದರೆ 4 ಆಂಪಿಯರ್-ಅವರ್ ಖಾಲಿ. ಎಲ್‌ಇಡಿ ಹಾಕಿದರೆ ಇದು ಎಷ್ಟೋ ಕಡಿಮೆಯಾಗುತ್ತದೆ. ಹಿಂಭಾಗದ ದೀಪಗಳಿಗಾಗಿ ಬೇರೆ ಬ್ಯಾಟರಿ ಇದ್ದರೆ ಅದರಿಂದಲೇ ಕರೆಂಟು ತೆಗೆದುಕೊಳ್ಳುವುದು ಜಾಣತನ, ಬೆಳಿಗ್ಗೆ ಎಂಜಿನ್ ಚಾಲೂ ಆಗುವ ಭರವಸೆ ಇರುತ್ತದೆ. ಆದರೆ ಆ ಬ್ಯಾಟರಿಯ ನೆಗೆಟಿವ್ ಕೂಡ ವಾಹನದ ತಗಡಿನ ಮೈಗೆ ಸೇರಿರದಿದ್ದರೆ ದೀಪ ಉರಿಯುವುದಿಲ್ಲ.

ಎಲ್ಲ ಮುಗಿದ ಮೇಲೆ ಬ್ಯಾಟರಿಯ ನೆಗೆಟಿವ್ ಜೋಡಿಸಿ, ದೀಪವನ್ನು ಡೋರ್ ಸ್ಥಾನಕ್ಕಿಟ್ಟು, ಒಂದೊಂದೇ ಬಾಗಿಲು ತೆರೆದು ನೋಡಬೇಕು. ಮುಚ್ಚಿದಾಗ ದೀಪ ನಿಜವಾಗಿಯೂ ಆರುತ್ತದೆಯೇ ಎಂಬುದು ಹಗಲಿನಲ್ಲಿ ಹೊರಗಿನಿಂದ ಕಾಣುವುದಿಲ್ಲ. ಮೊಬೈಲನ್ನು ವಿಡಿಯೊ ಚಾಲೂ ಮಾಡಿ ಸೀಟಿನ ಮೇಲೆ ದೀಪದತ್ತ ಮುಖ ಮಾಡಿಟ್ಟು, ಬಾಗಿಲುಗಳನ್ನು ಮುಚ್ಚಿ ಒಂದು ನಿಮಿಷ ಕಾದು, ತೆಗೆದು ನೋಡಿದರೆ ತಿಳಿಯುತ್ತದೆ.